ಗಾಜಿಗೆ ಅಂಟಿಕೊಂಡ ಮುತ್ಯಾ

ಮಕ್ಕಳೇ, ನಾನು ತೆಗೆದ ಮೊದಲ ಫೋಟೋದಲ್ಲಿ ನನ್ನ ಹೆಬ್ಬೆರಳು ಬಂದಿದೆ. ಎರಡನೆಯದರಲ್ಲೂ ಅದೇ ಹೆಬ್ಬೆರಳು. ಮೂರನೆಯದರಲ್ಲಿ ಹೆಬ್ಬೆರಳಿನ ಪಕ್ಕ ನಮ್ಮ ರಾವೂರ ಮನೆಯ ಗೋಡೆ ಸ್ವಲ್ಪ ಇಣುಕುತ್ತದೆ. ಈ ಮೂರನ್ನೂ ನಾನು ಅಳಿಸಿಲ್ಲ. ಅಳಿಸುವುದು ಹೇಗೆಂದು ಆಗ ಗೊತ್ತಿರಲಿಲ್ಲ. ಈಗ ಗೊತ್ತಿದೆ, ಮನಸ್ಸಾಗುವುದಿಲ್ಲ.

ಫೋನು ಕೊಟ್ಟವಳು ನಿಮ್ಮೆಲ್ಲರಿಗಿಂತ ದೊಡ್ಡವಳು, ಈಗ ಸೇಡಂಗೆ ಸೊಸೆಯಾಗಿ ಹೋಗಿರುವ ನನ್ನ ಹಿರಿಯ ಮೊಮ್ಮಗಳು. ಆಗ ಅವಳಿನ್ನೂ ಚಿತ್ತಾಪುರದ ಕಾಲೇಜಿಗೆ ಹೋಗುತ್ತಿದ್ದಳು. ತನಗೆ ಹೊಸ ಫೋನು ಬಂದ ದಿನ, ಮೂಲೆ ಒಡೆದ ಹಳೆಯದನ್ನು ತಂದು ನನ್ನ ಉಡಿಯಲ್ಲಿ ಹಾಕಿದಳು.

"ಆಯಿ, ಇದು ನಿನಗ. ದಿನಾ ನನಗೊಂದು ಫೋಟೋ ತಗದು ಕಳಸಬೇಕು ನೋಡು."

"ಯಾರದು ಕಳಸಲವ್ವಾ?"

"ನಿಂದೇ ಕಳಸು."

ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಹೋಗಿಬಿಟ್ಟೆ. ನನ್ನ ಸ್ವಭಾವ ನಿಮಗೆ ಗೊತ್ತೇ ಇದೆ. ತೆಂಗಳಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತೆ. ಗುರುಗಳು ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೂ ಪಾಟಿಯ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದೆ. ಲಗ್ನವಾದ ಮೇಲೂ ಅಷ್ಟೇ. ಬಸ್ಸು ನಮ್ಮೂರಲ್ಲಿ ನಿಲ್ಲದೆ ಮುಂದೆ ಹೋದರೆ ಕಂಡಕ್ಟರಿಗೆ ಹೇಳಲು ನಾಚಿ, ಮುಂದಿನ ಊರಲ್ಲಿ ಇಳಿದು ನಡೆದು ಬಂದದ್ದಿದೆ. ಅಂಥವಳು ಯಾರ ಮುಂದೆ ಫೋನು ಹಿಡಿದು ನಿಲ್ಲಲಿ? ಮನುಷ್ಯರ ಫೋಟೋ ತೆಗೆಯಬೇಕೆಂದರೆ ಅವರಿಗೆ ನಿಲ್ಲು ಅನ್ನಬೇಕು, ಇತ್ತ ನೋಡು ಅನ್ನಬೇಕು, ನಗು ಅನ್ನಬೇಕು. ಅದು ನನ್ನಿಂದ ಆಗುವ ಮಾತಲ್ಲ. ಹಾಗಾಗಿ, ತಿರುಗಿ ನನ್ನನ್ನು ನೋಡದ ವಸ್ತುಗಳ ಕಡೆಗೆ ಫೋನು ಹಿಡಿದೆ.

ಮೊದಲು ನಡುಮನೆಯ ಗೋಡೆ. ಆ ವರ್ಷ ಮಳೆ ಜೋರಾಗಿ, ಗೋಡೆಯ ಬಣ್ಣ ಹೊಪ್ಪಳಿಕೆ ಎದ್ದು ಉದುರುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಹಸಿರಿನ ಕೆಳಗೆ ನೀಲಿ, ನೀಲಿಯ ಕೆಳಗೆ ಗುಲಾಬಿ, ಗುಲಾಬಿಯ ಕೆಳಗೆ ಬರೀ ಸುಣ್ಣ. ನಮ್ಮಲ್ಲಿ ಮನೆಗೆ ಹೊಸ ಬಣ್ಣ ಬೀಳುವುದು ಲಗ್ನಕ್ಕೆ ಮಾತ್ರ. ಹಸಿರು ನನ್ನ ಮಗನ ಲಗ್ನದ್ದು, ನೀಲಿ ಮಗಳದು, ಗುಲಾಬಿ ನನ್ನದೇ. ನಾನು ಸೊಸೆಯಾಗಿ ಒಳಗೆ ಬಂದ ದಿನ ಆ ಗೋಡೆ ಗುಲಾಬಿಯಾಗಿತ್ತೆಂಬುದು ನನಗೆ ಮರೆತೇಹೋಗಿತ್ತು. ಅವತ್ತು ತಲೆ ತಗ್ಗಿಸಿಕೊಂಡೇ ಬಂದಿದ್ದೆ, ನೆಲ ಮಾತ್ರ ಚೆನ್ನಾಗಿ ನೆನಪಿದೆ. ಬಣ್ಣ ಉದುರದೆ ಹೋಗಿದ್ದರೆ ಆ ಗುಲಾಬಿ ನನಗೆ ಮತ್ತೆ ಸಿಗುತ್ತಿರಲಿಲ್ಲ.

ಆ ಫೋಟೋ ಕಳಿಸಿದೆ. ಮೊಮ್ಮಗಳಿಂದ ಒಂದು ಕೆಂಪು ಹೃದಯ ಬಂತು. ಅದರ ಅರ್ಥವೇನೆಂದು ಸೊಸೆಯನ್ನು ಕೇಳಿ ತಿಳಿದು, ಒಬ್ಬಳೇ ಕೂತು ನಕ್ಕೆ.

ಅಲ್ಲಿಂದ ನನಗೆ ಅದೇ ಚಟ ಹತ್ತಿತು. ಹಳಸಿದ್ದು, ಸವೆದದ್ದು, ಉದುರಿದ್ದು ಕಂಡರೆ ಕೈ ಫೋನಿನ ಕಡೆ ಹೋಗುತ್ತಿತ್ತು. ದೂರದ ಊರಿನವರು ಶಹಾಬಾದ ಕಲ್ಲು ಎನ್ನುವ ನಮ್ಮ ಫರಸಿ ಹಳತಾದರೆ, ಪದರು ಬಿಟ್ಟು ಹೋಳಿಗೆಯ ಹಾಗೆ ಏಳುತ್ತದೆ. ಪ್ರತಿ ಪದರಿನ ಒಳಗೂ ಬೇರೆ ಬೂದಿ ಬಣ್ಣ, ಬೇರೆ ಗೆರೆ. ಗೆದ್ದಲು ತಿಂದ ಹಿತ್ತಲ ಬಾಗಿಲಿನಲ್ಲಿ ಹೊಳೆಗಳು, ಹಳ್ಳಗಳು ಹರಿದಿವೆ. ಕಲ್ಲು ತೆಗೆದು ಬಿಟ್ಟ ಗಣಿಯ ಹೊಂಡದಲ್ಲಿ ನೀರು ನಿಂತು, ಅಂಚಿಗೆ ಜೊಂಡು ಬೆಳೆದು, ಮುಳುಗುಹಕ್ಕಿ ಬಂದು ಸಂಸಾರ ಹೂಡಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಮಣ್ಣಿನ ಎತ್ತುಗಳನ್ನು ಪೂಜೆ ಮುಗಿದ ಮೇಲೆ ನಾವು ಮಾಳಿಗೆಯ ಮೇಲೆ ಮಳೆಗೆ ಬಿಡುತ್ತೇವಲ್ಲ, ಅವೂ ನನ್ನ ಫೋನಿನಲ್ಲಿವೆ. ಮೊದಲು ಕೋಡು ಕರಗುತ್ತವೆ, ಆಮೇಲೆ ಬೆನ್ನಿನ ಹಿಣಿಲು. ಕೊನೆಗೆ ಎರಡೂ ಎತ್ತು ಸೇರಿ ಒಂದೇ ಮುದ್ದೆಯಾಗಿ ಮಲಗುತ್ತವೆ. ದಿನವೆಲ್ಲ ನೊಗ ಹೊತ್ತು ಬಂದು ಒಂದಕ್ಕೊಂದು ಒರಗಿದ ಹಾಗೆ.

ಪಕ್ಕದ ಮನೆಯ ಆಪಾಗೆ ಇದೊಂದು ತಮಾಷೆ. ಆಪಾ ಕೌದಿ ಹೊಲಿಯುವವರು, ಊರಿನ ಹರಿದ ಸೀರೆಗಳೆಲ್ಲ ಕೊನೆಗೆ ಅವರ ಕೈಗೇ ಬರುತ್ತವೆ. ನಾನು ಅವರಿಗೆ ಆಪಾ ಅನ್ನುತ್ತೇನೆ, ಅವರು ನನಗೆ ಅಕ್ಕಾ ಅನ್ನುತ್ತಾರೆ. ಇಬ್ಬರಲ್ಲಿ ಹಿರಿಯರು ಯಾರೆಂಬುದು ಇಂದಿಗೂ ತೀರ್ಮಾನವಾಗಿಲ್ಲ, ಇಬ್ಬರೂ ಬಿಟ್ಟುಕೊಡುವುದಿಲ್ಲ.

"ಏನ್ ಅಕ್ಕಾ, ಮಂದಿ ಗುಮ್ಮಟದ ಫೋಟೋ ತೆಗಿತಾರ, ನೀ ನನ್ನ ತುಕ್ಕು ಹಿಡಿದ ಬಕೀಟಿಂದು ತೆಗಿಲಿಕತ್ತಿ!"

"ತಳ ನೋಡ್ರಿ ಆಪಾ, ಜಾಳಗಿ ಆಗ್ಯಾದ. ಬಿಸಿಲು ಹ್ಯಾಂಗ ಸೋಸಿ ಬೀಳಲಿಕತ್ತದ ನೋಡ್ರಿ."

"ಹಂಗಾದ್ರ ನನ್ನ ಹಲ್ಲಿಂದೂ ತೆಗಿ. ಅವೂ ಒಂದೊಂದೇ ಹೊಂಟಾವ."

ತೆಗೆದೆ. ಅದು ನಾನು ತೆಗೆದ ಮೊದಲ ಮನುಷ್ಯರ ಫೋಟೋ. ಆಪಾ ಬಾಯಿ ತೆರೆದು ನಗುತ್ತಿದ್ದಾರೆ, ನಡುವೆ ಕಿಟಕಿಯ ಹಾಗೆ ಒಂದು ಸಂದು.

ಇಷ್ಟೆಲ್ಲ ಚಂದ ಕಂಡ ನನಗೆ ಒಂದು ಕಡೆ ಮಾತ್ರ ಚಂದ ಕಾಣುತ್ತಿರಲಿಲ್ಲ. ಅದೇ ನಡುಮನೆಯ ಗೋಡೆಗೆ ತೂಗುಹಾಕಿದ್ದ ನಮ್ಮ ಲಗ್ನದ ಫೋಟೋ.

ವಾಡಿಯಿಂದ ಫೋಟೋದವನೊಬ್ಬ ಸೈಕಲ್ಲಿನ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ಬಂದು ತೆಗೆದದ್ದು, ಕಪ್ಪು ಬಿಳುಪು. ನಿಮ್ಮ ಮುತ್ಯಾ ನೆಟ್ಟಗೆ ನಿಂತು ಮುಂದೆ ನೋಡುತ್ತಿದ್ದಾರೆ. ಅವರ ಬಲಗಿವಿಯ ಹಾಲೆ ಹರಿದು ಎರಡಾಗಿದೆ, ಚಿಕ್ಕಂದಿನಲ್ಲೇ ಹರಿದದ್ದು. ಪಕ್ಕದಲ್ಲಿ ನಾನು. ನಾನು ಅಂದರೆ ಒಂದು ಸೆರಗು, ಬಾಸಿಂಗ, ಮೂಗಿನ ತುದಿ ಮತ್ತು ಎರಡು ಕೈ. ಫೋಟೋದವನು "ತಲಿ ಎತ್ತವ್ವಾ, ತಲಿ ಎತ್ತವ್ವಾ" ಎಂದು ಬೇಡಿಕೊಂಡ. ಅವನು ಬೇಡಿಕೊಂಡಷ್ಟೂ ನನ್ನ ತಲೆ ಕೆಳಗೆ ಹೋಯಿತು.

ಮುತ್ಯಾನ ಬೇರೆ ಫೋಟೋ ನಮ್ಮಲ್ಲಿಲ್ಲ. ಅವರು ಗಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದರು. ಹೊತ್ತು ಹುಟ್ಟುವ ಮುಂಚೆ ಹೋದರೆ ಮೈಯೆಲ್ಲ ಬಿಳಿ ಧೂಳಾಗಿ ಬರುವವರು, ಫೋಟೋಕ್ಕೆ ನಿಲ್ಲಲು ಪುರುಸೊತ್ತೆಲ್ಲಿ? ರೇಷನ್ ಕಾರ್ಡಿನಲ್ಲಿ ಉಗುರಿನಷ್ಟು ಒಂದಿತ್ತು, ಅದರಲ್ಲಿ ಮುದ್ರೆ ಸರಿಯಾಗಿ ಮೂಗಿನ ಮೇಲೇ ಬಿದ್ದಿದೆ. ನೀವು ಯಾರೂ ಅವರನ್ನು ನೋಡಿದವರಲ್ಲ. ನಿಮಗೆ ಮುತ್ಯಾ ಎಂದು ತೋರಿಸಲು ನನ್ನ ಹತ್ತಿರ ಇದ್ದದ್ದು ಆ ಒಂದೇ ಮುಖ.

ಆ ಮುಖಕ್ಕೆ ಬೂಷ್ಟು ಬರಲು ಶುರುವಾಗಿತ್ತು. ನಮ್ಮ ಮನೆಗಳಲ್ಲಿ ಹಬ್ಬ ಬಂತೆಂದರೆ ಫರಸಿ ನೆಲಕ್ಕೆ, ಗೋಡೆಗೆ ಕೊಡಗಟ್ಟಲೆ ನೀರು ಸುರಿದು ತಿಕ್ಕುತ್ತೇವೆ. ಸೊಸೆ ಒಂದು ಕಡೆಯಿಂದ ಸುರಿಯುತ್ತಾಳೆ, ನಾನು ಇನ್ನೊಂದು ಕಡೆಯಿಂದ. ದೇವರ ಪಟ, ಹಿರಿಯರ ಪಟ ಎಲ್ಲಕ್ಕೂ ಒದ್ದೆ ಬಟ್ಟೆ. ಹಾಗೆ ವರ್ಷವರ್ಷ ಒಳಗಿಳಿದ ನೀರು, ಮೇಲಿನಿಂದ ಮಳೆಯ ತೇವ. ಹಿಂದಿನ ಕಾಗದ ಕಂದಿ ಚಹಾದ ಬಣ್ಣಕ್ಕೆ ತಿರುಗಿತ್ತು. ಅಂಚಿನಿಂದ ಹತ್ತಿಯ ಹೂವಿನಂಥ ಕಲೆಗಳು ಅರಳುತ್ತ ಅರಳುತ್ತ ಅವರ ಭುಜದವರೆಗೆ ಬಂದಿದ್ದವು. ಫೋನಿನಲ್ಲಿ ಹಿಡಿಯೋಣವೆಂದರೆ, ಎಲ್ಲಿ ನಿಂತರೂ ಗಾಜಿನಲ್ಲಿ ನನ್ನದೇ ಪ್ರತಿಬಿಂಬ ಬಿದ್ದು ಅವರ ಮುಖ ಮುಚ್ಚುತ್ತಿತ್ತು.

ಗೋಡೆ ಉದುರಿದರೆ ಚಂದ, ಬಾಗಿಲು ಸವೆದರೆ ಚಂದ, ಎತ್ತು ಕರಗಿದರೆ ಮುಂದಿನ ವರ್ಷ ಮತ್ತೆ ಮಾಡಬಹುದು. ಗಂಡನ ಮುಖ ಕರಗುವಾಗ ಚಂದ ಅನ್ನುವುದು ಹೇಗೆ?

ಅಷ್ಟರಲ್ಲಿ ಮೊಮ್ಮಗಳ ಲಗ್ನ ಗೊತ್ತಾಯಿತು. ಲಗ್ನಪತ್ರಿಕೆ ಅಚ್ಚಾಗಿ ಬಂದರೆ ಮೊದಲನೆಯದು ದೇವರ ಮುಂದೆ, ಎರಡನೆಯದು ಹಿರಿಯರ ಫೋಟೋದ ಮುಂದೆ ಇಡುವುದು ನಮ್ಮ ಮನೆಯ ರೂಢಿ. ನಿಮ್ಮ ಮುತ್ಯಾನ ಅಕ್ಕ, ನನ್ನ ದೊಡ್ಡ ನಾದಿನಿ, ಚಿಂಚೋಳಿಯಿಂದ ಫೋನು ಮಾಡಿದರು. ಅವರು ಫೋನಿನಲ್ಲಿ ಮಾತಾಡಿದರೆ ಚಿಂಚೋಳಿಯಿಂದ ನೇರವಾಗಿಯೇ ಕೇಳಿಸುತ್ತದೆ.

"ಏನಬೇ, ನಮ್ಮ ತಮ್ಮನ ಫೋಟೋಕ್ಕ ಬೂಷ್ಟು ಬಂದಾದಂತ? ಭಿನ್ನ ಆದ ಮೂರ್ತಿ ಮನ್ಯಾಗ ಇಡಬಾರದು, ಗೊತ್ತಿಲ್ಲೇನು? ಲಗ್ನದ ಮನಿ ಅದು. ಸರಿ ಮಾಡಸ್ರಿ, ಆಗಲಿಲ್ಲಂದ್ರ ಕಾಗಿಣಾ ಹೊಳಿಗಿ ಬಿಡ್ರಿ."

ನಾನು "ಹೂಂನ್ರಿ ಅಕ್ಕಾ" ಎಂದೆ. ಅವರ ಜೊತೆ ನಾನು ಬೇರೆ ಮಾತಾಡಿದ್ದೇ ಕಡಿಮೆ. ಫೋನಿಟ್ಟ ಮೇಲೆ ಹೋಗಿ ಆ ಫೋಟೋದ ಮುಂದೆ ನಿಂತೆ. ಮೂರ್ತಿ ಮುಕ್ಕಾದರೆ ನೀರಿಗೆ ಬಿಡಬೇಕೆಂಬುದು ನನಗೂ ಗೊತ್ತಿದ್ದ ಮಾತೇ. ಆದರೆ ಬಿಟ್ಟರೆ ಅವರು ಹೋದರು, ಮತ್ತೆ ಸಿಗುವುದಿಲ್ಲ.

ಮೊಮ್ಮಗಳು ಧೈರ್ಯ ಹೇಳಿದಳು. ಹಳೆಯ ಫೋಟೋ ಹೊಸದು ಮಾಡುವ ಆ್ಯಪ್ ಇದೆಯಂತೆ. ಗಾಜಿನ ಮೇಲಿನಿಂದಲೇ ಒಂದು ಮಸುಕು ಫೋಟೋ ತೆಗೆದಳು, ಏನೋ ಒತ್ತಿದಳು. ನಾವು ಕಟ್ಟೆಯ ಮೇಲೆ ಕೂತು ಕಾಯ್ದೆವು. ಆಪಾ ಸೂಜಿ ಬಾಯಲ್ಲಿ ಕಚ್ಚಿಕೊಂಡು ಬಂದರು.

"ಆಯಿ, ಬಂತು ನೋಡು!"

ನೋಡಿದೆ. ಕಲೆಗಳಿಲ್ಲ, ಬೂಷ್ಟಿಲ್ಲ, ಬಣ್ಣ ಬೇರೆ ಬಂದಿತ್ತು. ಸಿನಿಮಾದವರ ಹಾಗೆ ಕೆಂಪಗೆ, ನುಣ್ಣಗೆ ಒಬ್ಬ ಗಂಡಸು. ಎರಡೂ ಕಿವಿ ಸರಿಯಾಗಿದ್ದವು. ಅವರ ಪಕ್ಕದಲ್ಲಿ ಒಬ್ಬಳು ಹುಡುಗಿ, ತಲೆ ಎತ್ತಿ, ದೊಡ್ಡ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ಇಕಿ ಯಾರವ್ವಾ?"

"ನೀನೇ ಆಯಿ!"

"ನಾನಾ? ಆ ಫೋಟೋದಾಗ ನನ್ನ ಮುಖಾನೇ ಇಲ್ಲ. ಇದು ಎಲ್ಲಿಂದ ತಂದಿ?"

ಆಪಾ ಬಾಯಿಂದ ಸೂಜಿ ತೆಗೆದು ಬಗ್ಗಿ ನೋಡಿದರು. "ಅಕ್ಕಾ, ನಿನ್ನ ಗಂಡ ಎರಡನೇ ಲಗ್ನ ಮಾಡ್ಕೊಂಡಾನ. ನಿನಗ ಹೇಳ್ಲಿಲ್ಲ."

ಮೊಮ್ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. "ಆ ಗಂಡಸೂ ಅವರಲ್ಲ ಬಿಡ್ರಿ ಆಪಾ, ಕಿವಿ ನೋಡ್ರಿ," ಎಂದೆ. ಆ ಇಬ್ಬರು ಯಾರೋ ಪರಊರಿನ ದಂಪತಿ, ಸುಖವಾಗಿರಲಿ ಎಂದು ಅಳಿಸಿಹಾಕಿದೆವು.

ಗಾಜು ತೆಗೆದು ಒಳಗಿನ ಫೋಟೋವನ್ನೇ ನೇರವಾಗಿ ಹಿಡಿದರೆ ಮುಖ ಚೆನ್ನಾಗಿ ಬರುತ್ತದೆಂದು ಮೊಮ್ಮಗಳು ಲೆಕ್ಕ ಹಾಕಿದಳು. ಚೌಕಟ್ಟನ್ನು ಟವಲಿನಲ್ಲಿ ಸುತ್ತಿಕೊಂಡು ಇಬ್ಬರೂ ಶಹಾಬಾದಿನ ಒಂದು ಫ್ರೇಮಿನ ಅಂಗಡಿಗೆ ಹೋದೆವು. ಅಂಗಡಿಯವರು ಹಿಂದಿನ ಮೊಳೆ ಕಿತ್ತು, ರಟ್ಟು ತೆಗೆದು, ಬೆರಳಿನಿಂದ ಮುಟ್ಟಿ ನೋಡಿದರು.

"ಅಮ್ಮಾ, ಇದು ಗಾಜಿಗೆ ಅಂಟ್ಯಾದರಿ. ಬಿಡಸಲಿಕ್ಕ ಹೋದ್ರ ಹ್ಯಾಂಗ ಬರ್ತದೋ ಹೇಳಲಿಕ್ಕ ಬರಂಗಿಲ್ಲ."

ಮೊಮ್ಮಗಳು ನನ್ನ ಮುಖ ನೋಡಿದಳು. ನಾನು ಹೂಂ ಎಂದೆ. ಹಾಗೇ ಬಿಟ್ಟರೆ ನದಿಗೆ ಹೋಗುವುದಂತೂ ಖಂಡಿತವಾಗಿತ್ತು.

ಅವರು ತೆಳ್ಳನೆಯ ಬ್ಲೇಡು ತೂರಿಸಿ, ಉಸಿರು ಬಿಗಿಹಿಡಿದು, ಭಾಳ ನಿಧಾನವಾಗಿ ಕಾಗದ ಎತ್ತಿದರು. ನನ್ನ ಕಡೆಯ ಭಾಗ ಸಲೀಸಾಗಿ ಬಂತು. ಸೆರಗು, ಬಾಸಿಂಗ, ಮೂಗಿನ ತುದಿ, ಎಲ್ಲ ಬಂದವು. ಅವರ ಕಡೆಗೆ ಬರುವಾಗ ಸಣ್ಣಗೆ ಚರ್ ಎಂದು ಸಪ್ಪಳವಾಯಿತು. ಕಾಗದ ಪೂರ್ತಿ ಎದ್ದಿತು. ನನ್ನ ಪಕ್ಕದಲ್ಲಿ ಅವರು ಇರಲಿಲ್ಲ. ಅವರು ನಿಂತಿದ್ದ ಜಾಗದಲ್ಲಿ ಬರೀ ಕಂದು ಬಣ್ಣದ ಖಾಲಿ ಕಾಗದ.

ಅಂಗಡಿಯವರು "ಅಮ್ಮಾ..." ಎಂದು ಅಲ್ಲಿಗೇ ನಿಲ್ಲಿಸಿದರು. ಮೊಮ್ಮಗಳ ಕಣ್ಣು ತುಂಬಿತು. ನನಗೆ ಅಳು ಬರಲಿಲ್ಲ. ಗಾಜನ್ನೂ ಕಾಗದವನ್ನೂ ಬೇರೆಬೇರೆಯಾಗಿ ಹಳೆ ಪೇಪರಿನಲ್ಲಿ ಸುತ್ತಿ ಕೊಟ್ಟರು. ತಗೊಂಡು ಸ್ಟೇಷನ್ನಿಗೆ ಬಂದೆವು.

ವಾಡಿಯ ಕಡೆ ಹೋಗುವ ಪ್ಯಾಸೆಂಜರಿನಲ್ಲಿ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಮೊಮ್ಮಗಳು ನನ್ನ ಭುಜಕ್ಕೆ ತಲೆಯಿಟ್ಟು ಮೂಗು ಒರೆಸಿಕೊಳ್ಳುತ್ತಿದ್ದಳು. ಗಾಜಿನ ಮೇಲೆ ಚೂರುಪಾರು ಏನಾದರೂ ಉಳಿದಿದೆಯೇ ಎಂದು ನೋಡಲು ಪೇಪರು ಬಿಚ್ಚಿದೆ. ತೊಡೆಯ ಮೇಲಿಟ್ಟರೆ ಏನೂ ಕಾಣಲಿಲ್ಲ, ಒಂದು ಹೊಗೆಯ ಕಲೆ ಅಷ್ಟೇ. ಅಂಚು ಕೈಗೆ ತಾಗದ ಹಾಗೆ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ.

ಅವರು ಅಲ್ಲಿದ್ದರು.

ಪೂರ್ತಿ ಇದ್ದರು. ಹಣೆ, ಮೀಸೆ, ಹರಿದ ಕಿವಿಯ ಹಾಲೆ. ಹಿಂದಿನ ಕಂದಿದ ಕಾಗದ ಹೋಗಿ, ಇಷ್ಟು ವರ್ಷದ ಮೇಲೆ ಮೊದಲ ಸಲ ಅವರ ಹಿಂದಿನಿಂದ ಬೆಳಕು ಬಂದಿತ್ತು. ಗಾಡಿ ಓಡುತ್ತಿತ್ತು. ಅವರ ಮುಖದೊಳಗಿಂದ ತೊಗರಿ ಹೊಲ ಹಾದುಹೋಯಿತು. ಫರಸಿಯ ರಾಶಿಗಳು ಹೋದವು. ಆಡುಗಳು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿದವು. ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಅವರ ಹುಬ್ಬಿನ ಮೇಲೆ ನಡೆದುಹೋದಳು. ಬಾಳಿನಲ್ಲಿ ಒಂದು ಸಲವೂ ನನ್ನ ಜೊತೆ ಕಿಟಕಿಯ ಪಕ್ಕ ಕೂತು ಊರು ನೋಡದವರು, ಅವತ್ತು ಶಹಾಬಾದಿನಿಂದ ವಾಡಿಯವರೆಗೆ ನೋಡಿದರು.

"ಏ, ಏಳು, ನೋಡು," ಎಂದು ಮೊಮ್ಮಗಳನ್ನು ತಿವಿದೆ.

ಅವಳು ನೋಡಿ ಬಾಯಿ ಮೇಲೆ ಕೈಯಿಟ್ಟುಕೊಂಡಳು. "ಆಯಿ! ಮುತ್ಯಾ ಬಂದಾನ! ಹಿಡಿ, ಹಂಗೇ ಹಿಡಿ, ನಾ ಗಾಜು ಹಿಡಿತೀನಿ, ನೀ ಫೋಟೋ ತೆಗಿ!"

ಎದುರಿಗೆ ಕೂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನಾಚಿಕೆ ಎಲ್ಲಿ ಹೋಗಿತ್ತೋ, ನಾನು ಎದ್ದು ನಿಂತು, ಬಗ್ಗಿ, ಮತ್ತೆ ಕೂತು, ಒಂದರ ಹಿಂದೊಂದು ತೆಗೆದೆ. ಆ ಫೋಟೋಗಳಲ್ಲಿ ಒಂದರಲ್ಲೂ ಅವರು ಒಬ್ಬರೇ ಇಲ್ಲ. ಒಂದರಲ್ಲಿ ಎಮ್ಮೆಯಿದೆ, ಒಂದರಲ್ಲಿ ವಿದ್ಯುತ್ ಕಂಬ, ಒಂದರಲ್ಲಿ ಗೇಟಿನ ಹತ್ತಿರ ಕೈಬೀಸುವ ಶಾಲೆಯ ಹುಡುಗಿಯರು. ಹಾಳಾದದ್ದು ಯಾವುದು, ಉಳಿದದ್ದು ಯಾವುದು ಎಂದು ನನಗೆ ಅವತ್ತು ಹೇಳಲು ಬರುತ್ತಿರಲಿಲ್ಲ. ಚಂದವಿತ್ತು, ಅಷ್ಟು ಗೊತ್ತು.

ಆದರೆ ನಾದಿನಿಯವರ ಮಾತು ಹಾಗೇ ಇತ್ತು. ಲಗ್ನದ ಶಾವಿಗೆ, ಹಪ್ಪಳಕ್ಕೆಂದು ಅವರು ಮುಂದಾಗಿಯೇ ಚಿಂಚೋಳಿಯಿಂದ ಬಂದಿಳಿದರು. ಚಪ್ಪಲಿ ಬಿಡುವ ಮುಂಚೆಯೇ ಗೋಡೆ ನೋಡಿದರು, ಖಾಲಿ ಮೊಳೆ ನೋಡಿದರು.

"ಏನಾತು?"

ಸೊಸೆ ನಡೆದದ್ದನ್ನೆಲ್ಲ ಹೇಳಿದಳು. ನಾದಿನಿ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಮೊದಲು ಬೂಷ್ಟಿತ್ತು, ಈಗ ಎರಡು ತುಂಡಾತಾ? ಛಲೋ ಆತು. ಕೂಸಿನ ಲಗ್ನಕ್ಕ ಸೇಡಂಗೆ ಹೋಗಾಗ ಕಾಗಿಣಾ ದಾಟೇ ಹೋಗ್ತೀವಲ್ಲ, ಎರಡೂ ಬಿಟ್ಟು ಹೋಗೂಣು."

ನನಗೆ ಎದುರು ಮಾತಾಡಲು ಬರುವುದಿಲ್ಲ. ರಾತ್ರಿ ಉಂಡು ಮಲಗುವ ಮುಂಚೆ ಮಾತ್ರ ಒಂದು ಕೆಲಸ ಮಾಡಿದೆ. ನಮ್ಮ ಅಡುಗೆಮನೆಯ ಕಿಟಕಿ ಮೂಡಣಕ್ಕಿದೆ. ಅದರ ನಾಲ್ಕು ಗಾಜಿನಲ್ಲಿ ಒಂದು ಎಂದೋ ಒಡೆದು, ಅಲ್ಲಿ ರಟ್ಟು ಸಿಕ್ಕಿಸಿದ್ದೆವು. ರಟ್ಟು ತೆಗೆದು ಮುತ್ಯಾನ ಗಾಜನ್ನು ಅಲ್ಲಿ ನಿಲ್ಲಿಸಿದೆ. ಸ್ವಲ್ಪ ಚಿಕ್ಕದಾಯಿತು, ಸಂದಿಗೆ ಕಣಕ ಮೆತ್ತಿದೆ.

ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತ ಕೂತಿದ್ದೆ. ನಾದಿನಿ ಚಹಾಕ್ಕೆಂದು ಬಂದು ಮಣೆಯ ಮೇಲೆ ಕುಳಿತರು. ಹೊತ್ತು ಹುಟ್ಟಿ ಕಿಟಕಿಯ ಮಟ್ಟಕ್ಕೆ ಬಂದಿತ್ತು. ಅವರಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ.

"ಹೊರಗ ಯಾರೋ ನಿಂತಾರಲ್ಲಬೇ. ಮುಂಜಾನಿ ಮುಂಜಾನಿ ಕಿಟಕಿದಾಗ ಹಣಿಕಿ ನೋಡ್ಲಿಕತ್ತಾರ. ಯಾರದು? ಒಳಗ ಬರ್ರಿ ಅನ್ನು."

ನಾನು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಅವರು ಗೋಡೆ ಹಿಡಿದು ಎದ್ದು ಹತ್ತಿರ ಹೋದರು. ನನ್ನ ಹಂಚಿನ ಮೇಲೆ ರೊಟ್ಟಿ ಸೀಯಿತು. ಆಮೇಲೆ ಅವರು ಬೆರಳೆತ್ತಿ, ಮುಟ್ಟದೆ, ಆ ಹರಿದ ಕಿವಿಯ ಹತ್ತಿರ ಹಿಡಿದರು. ಸೀಳಿನ ನಡುವಿನಿಂದ ಸರಿಯಾಗಿ ಒಂದು ಗೆರೆ ಬಿಸಿಲು ಬರುತ್ತಿತ್ತು.

"ಇದು ನಾ ಹರಿದದ್ದು," ಎಂದರು.

"ನೀವಾ?"

"ನಾನೇ. ನಿನಗ ಹೇಳಿಲ್ಲೇನು ಅಂವ?"

"ಕಲ್ಲಿನ ಚೂರು ಸಿಡಿದು ಹರೀತು ಅಂದಿದ್ರು."

ನಾದಿನಿ ನಕ್ಕರು ನೋಡಿ, ಅಂಥ ನಗೆಯನ್ನು ನಾನು ಆ ಮನೆಗೆ ಬಂದಾಗಿನಿಂದ ಕೇಳಿರಲಿಲ್ಲ. "ಸುಳ್ಳ! ಬೆಲ್ಲದ ಹೆಂಟಿ ಕಸಗೊಂಡು ಓಡಲಿಕತ್ತಿದ್ದ. ಕೈಗಿ ಸಿಕ್ಕದ್ದು ಕಿವ್ಯಾಗಿನ ಮುರು. ಜಗ್ಗಿದೆ, ಕಿವಿ ಎರಡಾತು. ರಕ್ತ ಸೋರಲಿಕತ್ತಿತ್ತು, ಬೆಲ್ಲ ಬಿಡ್ಲಿಲ್ಲ ನೋಡು ಅಂವ. ಅವ್ವ ಹೊಡಿತಾಳ ಅಂತ ನಾ ನಡಗಲಿಕತ್ತಿದ್ದೆ. ಬಿದ್ದು ಹರಕೊಂಡೆ ಅಂತ ಹೇ‍ಳಿ ನನ್ನ ಉಳಿಸಿದ. ನಿನಗೂ ಸುಳ್ಳ ಹೇಳ್ಯಾನ!"

ನಗುತ್ತ ನಗುತ್ತ ಸೆರಗಿನಿಂದ ಕಣ್ಣೊರೆಸಿಕೊಂಡು ಮಣೆಯ ಮೇಲೆ ಕುಳಿತರು. ನಾನು ಚಹಾ ಕೊಟ್ಟೆ. ಅರ್ಧ ಕುಡಿದು ಕಿಟಕಿಯ ಕಡೆಗೇ ನೋಡುತ್ತ ಹೇಳಿದರು:

"ಭಿನ್ನ, ಭಿನ್ನ ಅಂತೀನಿ. ಅಂವ ಇದ್ದಾಗೇ ಭಿನ್ನ ಇದ್ದ. ನಾನೇ ಮಾಡೀನಿ. ಇರ್ಲಿ ಬಿಡು ಅಲ್ಲೇ. ಆದ್ರ ದೇವರ ಮನ್ಯಾಗ ಒಯ್ಯಬ್ಯಾಡ. ಮತ್ತ ಆ ಕಾಗದ ನೀರಿಗಿ ಬಿಡಬೇಕು. ಒಂದರ ಬಿಡಬೇಕು, ಹಿರೇರ ಮಾತಿಗಿ ಬೆಲಿ ಬ್ಯಾಡೇನು?"

ಹಿರಿಯರು ಅಂದರೆ ಅವರೇ. ನಾನು "ಹೂಂನ್ರಿ ಅಕ್ಕಾ" ಎಂದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ಆ ಮಾತು ಹೇಳಿದ್ದು ಅದೇ ಮೊದಲು. ಲಗ್ನಪತ್ರಿಕೆ ಬಂದಾಗ ಮೊದಲನೆಯದನ್ನು ದೇವರ ಮುಂದಿಟ್ಟೆವು. ಎರಡನೆಯದನ್ನು ನಾದಿನಿಯೇ ತಂದು, ಅಡುಗೆಮನೆಯ ಕಿಟಕಿಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಗೆ ಒರಗಿಸಿಟ್ಟರು. ಪಕ್ಕದಲ್ಲೇ ಒಂದು ಹೆಂಟಿ ಬೆಲ್ಲ.

ಸೇಡಂಗೆ ಹೊರಟ ದಿನ ಮಳಖೇಡದ ಹತ್ತಿರ ಕಾಗಿಣಾ ಬಂದಾಗ ಜೀಪು ನಿಲ್ಲಿಸಿದರು. ಮದುಮಗಳು ನದಿಗೆ ಇಳಿಯಬಾರದೆಂದು ನಾದಿನಿ ಕಟ್ಟಪ್ಪಣೆ ಮಾಡಿದ್ದರಿಂದ ಅವಳು ಜೀಪಿನಲ್ಲೇ ಕೂತಳು. ನಾದಿನಿ, ಆಪಾ, ನಾನು ಕಲ್ಲು ಹಿಡಿದು ಹಿಡಿದು ದಂಡೆಗೆ ಇಳಿದೆವು. ನೀರು ತಿಳಿಯಾಗಿತ್ತು, ಸೆಳವು ಕಡಿಮೆ. ಪೇಪರು ಬಿಚ್ಚಿ ನನ್ನ ಕಾಗದವನ್ನು ನೀರಿನ ಮೇಲೆ ಇಟ್ಟೆ.

ಅವಳು ತೇಲಿದಳು. ತಲೆ ತಗ್ಗಿಸಿಕೊಂಡೇ ತೇಲಿದಳು. ಪಕ್ಕದಲ್ಲಿ ಗಂಡನ ಖಾಲಿ ಜಾಗ. ಸ್ವಲ್ಪ ಹೊತ್ತಿಗೆ ಕಾಗದ ನೆನೆದು ಮೆತ್ತಗಾಯಿತು. ಚಿತ್ರದ ಪೊರೆ ಈರುಳ್ಳಿಯ ಸಿಪ್ಪೆಯ ಹಾಗೆ ಮೇಲೆದ್ದು, ಸೆರಗಿನ ಅಂಚು ಬಿಚ್ಚಿಕೊಂಡು ನೀರಿನಲ್ಲಿ ಅಲುಗಾಡತೊಡಗಿತು. ಯಾರು ಎಷ್ಟು ಬೇಡಿಕೊಂಡರೂ ಸರಿಸದಿದ್ದ ಸೆರಗು, ಕಾಗಿಣಾ ತಾನಾಗಿ ಸರಿಸುತ್ತಿತ್ತು. ನಾನು ಫೋನು ತೆಗೆದೆ.

"ಏ, ನೀರಿಗಿ ಬಿಡಂದ್ರ ಫೋಟೋ ತೆಗಿಲಿಕತ್ತಿ!" ನಾದಿನಿ ಕೂಗಿದರು.

"ಬಿಡ್ರಿ ಅಕ್ಕೋರ," ಆಪಾ ಹೇಳಿದರು. "ಅವತ್ತಿನ ಫೋಟೋದಾಂವ ಸರಿ ತೆಗಿಲಿಲ್ಲ. ಇವತ್ತ ತನ್ನ ಲಗ್ನದ ಫೋಟೋ ತಾನೇ ತೆಗಿಲಿಕತ್ತಾಳ."

ಇನ್ನೂ ಬಗ್ಗಿದೆ. ಆಪಾ ಹಿಂದಿನಿಂದ ನನ್ನ ಸೀರೆಯ ಗಂಟು ಹಿಡಿದುಕೊಂಡರು. ಒಂದು ತೆಗೆದೆ, ಎರಡು ತೆಗೆದೆ. ಕಾಗದ ಕಲ್ಲಿನ ಸಂದಿ ದಾಟಿ ನಿಧಾನವಾಗಿ ಹೋಯಿತು. ಹೋಗುವ ತನಕ ನೋಡಿದೆ. ಬೇಜಾರೇನೂ ಆಗಲಿಲ್ಲ. ತವರಿಗೆ ಹೊರಟ ಹುಡುಗಿಯನ್ನು ಕಳಿಸಿಕೊಟ್ಟ ಹಾಗಿತ್ತು.

ಜೀಪಿಗೆ ಬಂದು ಮೊಮ್ಮಗಳ ಕೈಗೆ ಫೋನು ಕೊಟ್ಟೆ. ಅವಳು ಒಂದೊಂದೇ ಸರಿಸಿ ನೋಡಿದಳು, ಕೊನೆಯದರಲ್ಲಿ ನಿಂತುಬಿಟ್ಟಳು.

"ಆಯಿ, ಇದರಾಗ ನೀ ಬಂದೀದಿ."

ನೋಡಿದರೆ ಹೌದು. ನೀರಿನಲ್ಲಿ ತಲೆ ತಗ್ಗಿಸಿದ ಮದುಮಗಳು ಅರ್ಧ ಕರಗಿದ್ದಾಳೆ. ಅವಳ ಪಕ್ಕ, ಖಾಲಿ ಜಾಗದ ಮೇಲೆ, ಬಗ್ಗಿ ನೋಡುತ್ತಿರುವ ನನ್ನ ಪ್ರತಿಬಿಂಬ ಬಿದ್ದಿದೆ. ಕನ್ನಡಕ, ಬಿಳಿ ಕೂದಲು, ಬಾಯಿ ತುಂಬ ನಗೆ. ನಾನು ನಗುತ್ತಿದ್ದೆನೆಂಬುದು ನನಗೇ ಗೊತ್ತಿರಲಿಲ್ಲ.

"ಫೋನು ಕೊಟ್ಟ ದಿನ ಏನ್ ಹೇಳಿದ್ದೆ? ನಿಂದು ಕಳಸು ಅಂದಿದ್ದೆ," ಎಂದಳು. "ಈಗ ಕಳಸೀದಿ." ಆ ಫೋಟೋ ಅವಳ ಲಗ್ನದ ಆಲ್ಬಮ್ಮಿನ ಮೊದಲ ಪುಟದಲ್ಲಿದೆ. ಸೇಡಂಗೆ ಹೋದಾಗ ನೋಡಿ.

ಮುತ್ಯಾ ಈಗಲೂ ಅಡುಗೆಮನೆಯ ಕಿಟಕಿಯಲ್ಲೇ ಇದ್ದಾರೆ. ಬೆಳಗಿನ ಬಿಸಿಲಿಗೆ ಅವರ ತೆಳು ನೆರಳು ರೊಟ್ಟಿಯ ಹಿಟ್ಟಿನ ಮೇಲೆ ಬೀಳುತ್ತದೆ. ಗೊತ್ತಿದ್ದವರಿಗೆ ಅದು ಮುಖ, ಗೊತ್ತಿಲ್ಲದವರಿಗೆ ಬರೀ ಕಲೆ. ಬಿಸಿಲು ಅವರನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತಿದೆ, ಅದೂ ನನಗೆ ಕಾಣುತ್ತದೆ. ಗದ್ದ ತೆಳ್ಳಗಾಗಿದೆ, ಮೀಸೆಯ ಒಂದು ಕಡೆ ಹೊರಗಿನ ಬೇವಿನ ಎಲೆಗಳಲ್ಲಿ ಸೇರಿಹೋಗಿದೆ. ಕಿವಿ ಗಟ್ಟಿಯಾಗಿದೆ. ಪರದೆ ಹಾಕು ಎಂದು ಮಗ ಹೇಳಿದ. ಪರದೆ ಹಾಕಿದರೆ ಅವರು ಉಳಿಯುತ್ತಾರೆ, ಆದರೆ ಕಾಣುವುದಿಲ್ಲ. ಅದಕ್ಕೆ ಬೇಡ ಅಂದೆ. ವಾರಕ್ಕೊಂದು ಫೋಟೋ ತೆಗೆಯುತ್ತೇನೆ. ಒಂದರಲ್ಲಿ ಅವರ ಹಣೆಯ ಮೇಲೆ ಗುಬ್ಬಿ ಕೂತಿದೆ, ಒಂದರಲ್ಲಿ ಮಳೆಯ ಹನಿ. ಒಂದರಲ್ಲಿ ಆಪಾ ಹೊರಗಿನಿಂದ ಇಣುಕಿ ತಮ್ಮ ಉಳಿದ ಹಲ್ಲು ತೋರಿಸುತ್ತಿದ್ದಾರೆ.

ರಜೆಗೆ ಬಂದಾಗ ಬೆಳಿಗ್ಗೆ ಬೇಗ ಏಳಿ, ಹೊತ್ತು ಕಿಟಕಿಯ ಮಟ್ಟಕ್ಕೆ ಬಂದಾಗ ಒಬ್ಬೊಬ್ಬರಾಗಿ ಹೊರಗೆ ಹೋಗಿ ಗಾಜಿನ ಆಚೆ ನಿಲ್ಲಿ. ನಾನು ಒಳಗಿನಿಂದ ತೆಗೆಯುತ್ತೇನೆ, ನಿಮ್ಮ ಮುಖ ಅವರ ಮುಖದಲ್ಲಿ ಬರುತ್ತದೆ. ನಿಲ್ಲಿ, ಇತ್ತ ನೋಡಿ, ನಗಿ ಎಂದು ಈಗ ನಾನು ಹೇಳಬಲ್ಲೆ. ಮತ್ತು ಹಬ್ಬಕ್ಕೆ ಮನೆ ತೊಳೆಯುವಾಗ ಆ ಗಾಜಿನ ಹೊರಗಿನ ಬದಿ ಮಾತ್ರ ಒರೆಸಿ. ಒಳಗಿನ ಬದಿಯಲ್ಲಿ ಮುತ್ಯಾ ಇದ್ದಾರೆ.